ಕೊಳಕೂರಿನ ನೀಲವ್ವ ತಿರುಗಿ ಬಂದದ್ದು

ಈಚೆಗೆ ಅಫಜಲಪುರದ ನಮ್ಮ ಮನೆಗೆ ಇಬ್ಬರು ಹುಡುಗಿಯರು ಬಂದಿದ್ದರು. ಇಬ್ಬರೂ ನರ್ಸಿಂಗ್ ಮುಗಿಸಿ, ನಾನು ಬಿಟ್ಟು ಬಂದ ಕೆಲಸಕ್ಕೇ ಸೇರಿದವರು. ತಾಲೂಕು ದವಾಖಾನೆಗಳಿಗೆ ವಾರಕ್ಕೊಮ್ಮೆ ಹೋಗಿ ಮನೋರೋಗಿಗಳನ್ನು ನೋಡುವ ತಂಡದ ಕೆಲಸ ಅದು. ಚಹಾ ಕುಡಿಯುತ್ತ ಸಣ್ಣಾಕೆ ಕೇಳಿದಳು, "ಸಿಸ್ಟರ್, ಇಂಥಾ ಮಂದಿ ನಡುವ ಇಷ್ಟ ವರ್ಷ ಹ್ಯಾಂಗ ಇದ್ರಿ? ಅಂಜಿಕಿ ಬರಲಿಲ್ಲೇನ್ರಿ?"

"ಅಂಜಿಕೀನೂ ಬಂದದ," ಅಂದೆ. "ಆದ್ರ ಅಂಜಿದ್ದಕ್ಕಿಂತ ಬೆರಗಾಗಿದ್ದ ಜಾಸ್ತಿ ಬೇ."

ಅವಳಿಗೆ ಅದು ತಿಳಿದಂತೆ ಕಾಣಲಿಲ್ಲ. ಬಿಡಿಸಿ ಹೇಳುತ್ತ ಕೂತರೆ ಅವರ ಬಸ್ಸು ತಪ್ಪುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ವರ್ಗ ಎಲ್ಲಿಗಾಯಿತು ಅನ್ನುವುದು ನನಗೇ ಸರಿಯಾಗಿ ನೆನಪಿಲ್ಲ. ಮನುಷ್ಯರು ನೆನಪಿದ್ದಾರೆ.

ಮೊದಮೊದಲು ಈ ಕೆಲಸ ಹೇಗೆ ಮಾಡಬೇಕು ಅನ್ನುವುದೇ ನಮಗೆ ಯಾರಿಗೂ ಗೊತ್ತಿರಲಿಲ್ಲ. ಆಳಂದ ದವಾಖಾನೆಯ ಒಂದು ಕೋಣೆಗೆ 'ಮಾನಸಿಕ ರೋಗಿಗಳ ವಿಭಾಗ' ಅಂತ ದೊಡ್ಡ ಬೋರ್ಡು ಹಾಕಿ ಕೂತೆವು. ಮುಂಜಾನೆಯಿಂದ ಸಂಜೆತನಕ ಒಂದು ನರಪಿಳ್ಳೆಯೂ ಒಳಗೆ ಬರಲಿಲ್ಲ. ಮಗಳ ಕೈ ಹಿಡಿದುಕೊಂಡು ಬಾಗಿಲವರೆಗೆ ಬಂದ ಒಬ್ಬ ತಾಯಿ ಬೋರ್ಡು ಓದಿಸಿ ಕೇಳಿ ಹಿಂದೆ ಸರಿದಳು. "ಈ ಬಾಗಲಾ ದಾಟಿದ್ರ ನಾಳಿ ನಮ್ಮ ಹುಡುಗೀನ ಯಾರ್ ಮಾಡ್ಕೋತಾರ್ರಿ?" ಅಂದಳು. ನಮ್ಮ ತಂಡದ ಹಿರಿಯರು ಡಾಕ್ಟರ್ ಶಾಹೀನ್ ಮೇಡಂ. ಅವರು ಸ್ಟೂಲು ಹತ್ತಿ ತಾವೇ ಬೋರ್ಡು ಬಿಚ್ಚಿದರು. ಬಿಪಿ, ಶುಗರ್ ನೋಡುವ ಕೋಣೆಯ ಮಗ್ಗುಲಲ್ಲೇ ಮೇಜು ಹಾಕಿಸಿದರು. ಮುಂದಿನ ವಾರದಿಂದ ಮಂದಿ ಬರತೊಡಗಿದರು. ಯಾರು ಯಾವ ರೋಗಕ್ಕೆ ಬಂದಿದ್ದಾರೆಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ, ಅಷ್ಟೇ ಸಾಕಾಗಿತ್ತು.

ಯಡ್ರಾಮಿ ಕಡೆಯ ಒಬ್ಬ ತರುಣನನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ ಹಾಕಿದ್ದರು. ದೆವ್ವ ಬಿಡಿಸುವವರು, ತಾಯತ ಕಟ್ಟುವವರು ಎಲ್ಲ ಮುಗಿದ ಮೇಲೆ ನಮಗೆ ಹೇಳಿಕಳಿಸಿದರು. ಹಗ್ಗ ಬಿಚ್ಚಲು ಮನೆಯವರು ಒಪ್ಪಲಿಲ್ಲ. ಮೇಡಂ ಸೆಗಣಿ ನೆಲದ ಮೇಲೆ ಅವನೆದುರು ಕೂತು, ಅವನ ಎತ್ತುಗಳ ಹೆಸರು ಕೇಳಿದರು. ಎಷ್ಟೋ ಹೊತ್ತಿನ ಮೇಲೆ ಅವನು ಹೆಸರು ಹೇಳಿದ. ಅಂದು ಶುರುವಾದ ಔಷಧ ಅವನಿಗೆ ಹತ್ತಿತು. ಮರುವರ್ಷ ಅವನೇ ಗಾಡಿ ಹೊಡೆದುಕೊಂಡು ಬಂದು ನಮ್ಮ ಜೀಪಿನ ಪಕ್ಕ ನಿಲ್ಲಿಸಿ, "ಮೇಡಂ, ಇವೇ ನೋಡ್ರಿ ಆ ಎತ್ತು" ಅಂದ. ಇಂಥದ್ದನ್ನು ಕಂಡವಳಿಗೆ ಈ ಕೆಲಸ ಬಿಟ್ಟು ಹೋಗುವ ಮನಸ್ಸು ಹೇಗೆ ಬಂದೀತು?

ಆದರೆ ನಾನು ಹೇಳಲೇಬೇಕಾದದ್ದು ಕೊಳಕೂರಿನ ನೀಲವ್ವನ ಕಥೆ. ನಾನು ನಿವೃತ್ತಳಾಗುವುದಕ್ಕೆ ಸ್ವಲ್ಪ ಮೊದಲು ನಡೆದದ್ದು ಅದು.

ಗಡಿಯಾಚೆ, ಮಹಾರಾಷ್ಟ್ರದ ಒಂದು ದೊಡ್ಡ ಮನೋರೋಗ ಆಸ್ಪತ್ರೆಯಿಂದ ಮೇಡಂಗೆ ಫೋನ್ ಬಂತು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಮಾತಾಡಿದವನು ಅಲ್ಲಿನ ತರುಣ ಡಾಕ್ಟರು. ಹೊಸ ಕಾಯ್ದೆ ಬಂದ ಮೇಲೆ, ಆರಾಮಾದವರನ್ನು ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ, ಒಬ್ಬೊಬ್ಬರಿಗೂ ಮನೆ ಹುಡುಕುತ್ತಿದ್ದೇವೆ ಅಂದನಂತೆ. ಅಲ್ಲೊಬ್ಬ ಹೆಂಗಸು ತರುಣಿಯಿದ್ದಾಗ ಬಂದವಳು ಈಗ ಮುದುಕಿಯಾಗಿದ್ದಾಳೆ. ಸೇರಿಸಿದವರು ಹೇಳಿದ್ದ ಊರಲ್ಲಿ ಅವಳನ್ನು ಬಲ್ಲವರು ಒಬ್ಬರೂ ಇಲ್ಲ. ಅವಳು ಮಾತ್ರ ಮೊದಲಿನಿಂದಲೂ ಬೇರೆಯೇ ಒಂದು ಊರಿನ ಹೆಸರು ಹೇಳುತ್ತಿದ್ದಾಳೆ. ಅದು ಭ್ರಮೆಯೆಂದು ಯಾರೂ ಕಿವಿಗೆ ಹಾಕಿಕೊಂಡಿಲ್ಲ.

ಮೇಡಂ ಫೋನಿಗೆ ಕೈ ಅಡ್ಡ ಹಿಡಿದು ನನ್ನತ್ತ ತಿರುಗಿದರು. "ಸುವರ್ಣಾ ಸಿಸ್ಟರ್, ಕೊಳಕೂರ ಅಂತ ಊರ ಅದ ಏನು?"

"ಅದರಿ ಮೇಡಂ. ಜೇವರ್ಗಿ ತಾಲೂಕಿನಾಗ."

ನಾವು ಹೋದಾಗ ಆಕೆ ಆಸ್ಪತ್ರೆಯ ಅಂಗಳದಲ್ಲಿ ಬೇವಿನೆಲೆ ಗುಡಿಸುತ್ತಿದ್ದಳು. ತಲೆ ಪೂರಾ ಬೆಳ್ಳಗಾಗಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ನಾನು ಹತ್ತಿರ ಹೋಗಿ, "ಯವ್ವಾ, ಆರಾಮ ಅದೀರೇನ್ರಿ?" ಅಂದೆ.

ಆಕೆ ಕಸಬರಿಗೆಯನ್ನು ಮರಕ್ಕೆ ಆನಿಸಿಟ್ಟಳು. ನನ್ನ ಮುಖದ ತೀರಾ ಸಮೀಪ ಬಂದು ನಿಂತಳು.

"ಇನ್ನೊಮ್ಮಿ ಅನ್ನು," ಅಂದಳು. "ಇನ್ನೊಮ್ಮಿ ಅನ್ನ ಬೇ."

ಇನ್ನೊಮ್ಮೆ ಅಂದೆ. ಆಕೆ ನಕ್ಕಳು, ಕಣ್ಣಲ್ಲಿ ನೀರು ಬಂತು. ಆಮೇಲೆ ಮಾತು ನಿಲ್ಲಲೇ ಇಲ್ಲ. ಜೇವರ್ಗಿಗೆ ಹೋಗುವ 'ಮೋಟಾರು' ಈಗಲೂ ಊರ ಹೊರಗೇ ನಿಲ್ಲುತ್ತದೋ ಒಳಗೆ ಬರುತ್ತದೋ, ಊರಿಗೆ ಹಿಟ್ಟಿನ ಗಿರಣಿ ಬರುತ್ತದೆ ಅಂದಿದ್ದರು, ಬಂತೋ ಇಲ್ಲವೋ ಎಂದೆಲ್ಲ ಕೇಳಿದಳು. ಬಿಳಿ ಕೂದಲಿನ ಹೆಂಗಸಿನ ಬಾಯಿಂದ ನಮ್ಮ ಅವ್ವನ ಕಾಲದ ಹರೆಯದ ಹುಡುಗಿಯ ಕನ್ನಡ ಬರುತ್ತಿತ್ತು. ಬಂದ ದಿನ ನಾಲಿಗೆ ಮೇಲೆ ಇದ್ದ ಮಾತನ್ನು ಆಕೆ ಹಾಗೇ ಕಾಪಾಡಿಕೊಂಡಿದ್ದಳು.

"ಇಲ್ಲಿ ಎಲ್ಲಾರೂ ಮರಾಠಿ ಆಡ್ತಾರಲ್ರಿ, ನಮ್ಮ ಮಾತ ಹ್ಯಾಂಗ ಉಳಸ್ಕೊಂಡ್ರಿ?" ಅಂತ ಕೇಳಿದೆ.

"ದಿನಾ ಮುಂಜಾನಿ ಕಸಾ ಹೊಡಿಯೂ ಮುಂದ ನಮ್ಮೂರ ಓಣ್ಯಾಗ ಹೋಗ್ತೇನಿ," ಅಂದಳು. "ಊರ ಹೊರಬಾಗಲ ಅಗಸಿಂದ ಶುರು ಮಾಡತೇನಿ. ಒಂದೊಂದ ಮನಿ ಮುಂದ ನಿಂತು, ಒಳಗಿದ್ದವರ ಹೆಸರ ಹೇಳಿ ಕರೀತೇನಿ, ಆರಾಮ ಅದೀರೇನು ಅಂತ ಕೇಳತೇನಿ. ನಮ್ಮ ಮನಿ ಮುಟ್ಟೂದ್ರಾಗ ಅಂಗಳ ಮುಗೀತದ. ಮರಾಠಿಯವರು ನಾ ಒಬ್ಬಾಕಿನ ಬಡಬಡಸ್ತೇನಿ ಅಂತಿದ್ರು. ಅನ್ಲಿ."

ಈಕೆಯ ಗುಣಗುಣ ಮಾತನ್ನೇ ಅವರು ರೋಗವೆಂದು ತಿಳಿದಿದ್ದರು. ಆ ಮಾತೇ ಈಕೆಯ ಬುದ್ಧಿಯನ್ನು ಕಾದಿತ್ತು.

ಮೇಡಂ ಅಂದೂ ಮರುದಿನವೂ ಆಕೆಯ ಜೊತೆ ಕೂತು ಮಾತಾಡಿದರು. ಹಿಂದೆ ಇದ್ದ ಯಾರೋ ಒಬ್ಬ ಡಾಕ್ಟರು ಎಷ್ಟೋ ವರ್ಷದ ಹಿಂದೆಯೇ ಗುಳಿಗೆ ನಿಲ್ಲಿಸಿದ್ದರಂತೆ. ಕರೆದುಕೊಂಡು ಹೋಗುವವರು ಬರಲಿಲ್ಲವಾದ್ದರಿಂದ ಆಕೆ ಅಲ್ಲಿಯೇ ಉಳಿದಿದ್ದಳು. ಹೊರಗೆ ಬಂದ ಮೇಡಂ ನನ್ನನ್ನು ವರಾಂಡಕ್ಕೆ ಕರೆದರು. "ಸಿಸ್ಟರ್, ರೋಗ ಅದ ಅಂತ ಬರಿಯೂದು ಸರಳ. ಇಲ್ಲ ಅಂತ ಹೇಳಾಕ ಧೈರ್ಯ ಬೇಕು. ಈ ಹೆಣ್ಮಗಳಿಗಿ ಯಾವತ್ತೂ ಯಾವ ರೋಗಾನೂ ಇರಲಿಲ್ಲ," ಅಂದರು.

ಹಾಗಾದರೆ ಆಕೆ ಇಲ್ಲಿಗೆ ಬಂದದ್ದು ಹೇಗೆ? ಅದನ್ನು ಆಕೆಯೇ ಬೇವಿನ ಮರದ ಕೆಳಗೆ ಕೂತು ನನಗೆ ಹೇಳಿದಳು.

ಕೊಳಕೂರಿನಲ್ಲಿ ಅವರದು ಹೊಲ ಮನೆ ಇದ್ದ ಲಿಂಗಾಯತರ ಮನೆತನ. ತಂದೆ ತೀರಿಕೊಂಡು ಅಣ್ಣ ಶರಣಗೌಡನ ಕಾರಭಾರ ನಡೆದಿತ್ತು. ದಿನಾ ಸಂಜೆ ಶರಣರ ವಚನ ಹಾಡುವ ಮನೆ. ದೊಡ್ಡಪ್ಪನ ಮಗಳ ಲಗ್ನಕ್ಕೆ ಬಟ್ಟೆ ಹೊಲಿಯಲು ಆಳಂದ ತಾಲೂಕಿನ ಹಿರೋಳ್ಳಿಯಿಂದ ಒಬ್ಬ ಸಿಂಪಿಗ ಹುಡುಗನನ್ನು ಕರೆಸಿದ್ದರು. ಆಗ ದೊಡ್ಡ ಮನೆಗಳಲ್ಲಿ ಹಾಗೆಯೇ, ಲಗ್ನದ ಬಟ್ಟೆಯೆಲ್ಲ ಮುಗಿಯುವತನಕ ದರ್ಜಿ ಮಶಿನ್ ಸಮೇತ ಪಡಸಾಲೆಯಲ್ಲೇ ಬಿಡಾರ ಮಾಡುತ್ತಿದ್ದ. ಹುಡುಗನ ಹೆಸರು ದತ್ತೋಬಾ. ಅವನಿಗೆ ದಾರ, ಗುಂಡಿ, ಚಹಾ ಕೊಡುವ ಕೆಲಸ ನೀಲವ್ವನದು.

"ಬೇಕಂತ ತಪ್ಪ ಹೊಲೀತಿದ್ದ," ಅಂತ ನಕ್ಕಳು. "ಬಿಚ್ಚಿ ಹೊಲಿಯೂ ನೆವದಾಗ ಇನ್ನೊಂದ ದಿನಾ ಇರಾಕ. ದೊಡ್ಡವ್ವ ಬೈತಿದ್ಳು, ಎಂಥಾ ದರ್ಜೀನ ಕರಸೀರಿ, ಕೈ ಬರಾಂಗಿಲ್ಲ ಅವಗ ಅಂತ. ನನಗೊಬ್ಬಾಕೀಗಿ ಗೊತ್ತಿತ್ತು, ಅವನ ಕೈ ಎಷ್ಟ ಚಲೋ ಅಂತ."

ಅಣ್ಣನಿಗೆ ಸುದ್ದಿ ಮುಟ್ಟಿತು. ಹುಡುಗನನ್ನು ಬಡಿದು ಊರು ದಾಟಿಸಿದರು. ಅವಸರದಿಂದ ಇವಳಿಗೆ ಬೇರೆ ವರ ನೋಡಿದರು.

"ನಿಶ್ಚಯದ ದಿನಾ ಬೀಗರ ಮುಂದ ನಿಂತು, ನಾ ಒಲ್ಲೆ, ದತ್ತೂನ ಬಿಟ್ಟು ಯಾರನ್ನೂ ಮಾಡ್ಕೊಳ್ಳಂಗಿಲ್ಲ ಅಂದೆ. ಅಷ್ಟ ನೋಡ ಬೇ, ನನ್ನ ಹುಚ್ಚು."

ಹುಡುಗಿಗೆ ಮೈಮೇಲೆ ಬಂದಿದೆ, ತಲೆ ಕೆಟ್ಟಿದೆ ಎಂದು ಬೀಗರನ್ನು ಸಮಾಧಾನ ಮಾಡಿದರು. ಸುಳ್ಳು ಒಮ್ಮೆ ಬಾಯಿಂದ ಹೊರಬಿದ್ದ ಮೇಲೆ ಅದನ್ನು ಖರೆ ಮಾಡಿ ತೋರಿಸಬೇಕಾಯಿತು. ನಿನ್ನ ಕಣ್ಣು ಯಾಕೋ ಕೆಂಪಾಗಿದೆ, ದೊಡ್ಡ ದವಾಖಾನೆಗೆ ತೋರಿಸೋಣ ಎಂದು ಅಣ್ಣ ರೈಲು ಹತ್ತಿಸಿದ. ಅಂದಿನ ಡಾಕ್ಟರು ಅಣ್ಣನನ್ನು ಕೇಳಿದರೇ ಹೊರತು ಅವಳನ್ನು ಕೇಳಲಿಲ್ಲ. ಅಣ್ಣ ಬೇರೆಯೇ ಊರಿನ ಹೆಸರು ಕೊಟ್ಟು ಹೋದ. ಆಮೇಲೆ ಅತ್ತರೆ ರೋಗವೆಂದರು, ನಕ್ಕರೆ ರೋಗವೆಂದರು, ಸುಮ್ಮನೆ ಕೂತರೆ ರೋಗ ಬಲಿತಿದೆ ಎಂದರು.

ಎಲ್ಲ ಹೇಳಿ ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಆಕೆ ಕೇಳಿದಳು, "ಹಿರೋಳ್ಳಿ ನಿಮಗ ಹತ್ರ ಏನು? ಅವನ ಜೀವ ಅದ ಏನು, ನೋಡಿ ಬರತೀ?"

ಮೊದಲು ನಾನು ಕೊಳಕೂರಿಗೆ ಹೋದೆ. ಶರಣಗೌಡರು ಮನೆಯ ಕಟ್ಟೆಯ ಮೇಲೆ ಹಣೆತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದರು. ನೀಲವ್ವನ ಹೆಸರು ಹೇಳಿದೊಡನೆ ಉಳಿದವರನ್ನೆಲ್ಲ ಒಳಗೆ ಕಳಿಸಿದರು.

"ಊರಿಗಿ ಸತ್ತಾಳಂತ ಹೇಳೀನ್ರಿ," ಅಂದರು ಸಣ್ಣ ದನಿಯಲ್ಲಿ. "ಜ್ವರಾ ಬಂದು ಹೋದ್ಳು, ಅಲ್ಲೇ ಮಣ್ಣ ಮಾಡಿ ಬಂದೀವಿ ಅಂದೀನಿ. ಜಂಗಮರನ್ನ ಕರದು ಪೂಜಿ ಮಾಡಿಸೀನಿ. ಈಗ ಯಾವ ಬಾಯೀಲೆ ಬದಕ್ಯಾಳ ಅನ್ಲಿ?"

"ಆಕಿ ನೆನಪ ಬರತಿರಲಿಲ್ಲೇನ್ರಿ ನಿಮಗ?"

"ದಿನಾ ಬರತಿದ್ಳು. ಅದಕ್ಕ ದಿನಾ ಸತ್ತಾಳ ಅಂತ ಅನಕೋತಿದ್ದೆ."

ಜಗಳಕ್ಕೆ ತಯಾರಾಗಿ ಹೋಗಿದ್ದ ನಾನು, ತಂಗಿಯನ್ನು ಬಿಡಿಸಿಕೊಂಡು ಬರಲು ಬನ್ನಿ ಅಂತಷ್ಟೇ ಕೇಳಿದೆ. ಅವರು ಬರಲು ಒಪ್ಪಲಿಲ್ಲ. ಇದನ್ನು ಕೇಳಿದ ಮೇಡಂ, "ಬರಲಿಲ್ಲಂದ್ರ ಬಿಡ್ರಿ. ಆಕಿ ಬುದ್ಧಿ ಬರೋಬ್ಬರಿ ಅದ. ಆಕಿ ಮಾತ ಮ್ಯಾಲ ಆಕೀನ ಬಿಡಬೇಕಾಗ್ತದ," ಅಂದರು. ಆ ಆಸ್ಪತ್ರೆಯಿಂದ ಹಾಗೆ ಯಾರೂ ಹೋದದ್ದಿರಲಿಲ್ಲ. ಹಿರಿಯ ಅಧಿಕಾರಿಗಳು ಹಿಂದೆಮುಂದೆ ನೋಡಿದರು. ಮೇಡಂ ಪಟ್ಟು ಬಿಡದೆ ಹೋಗಿ ಬಂದು ಮಾಡಿದರು.

ಅಷ್ಟರೊಳಗೆ ನಾನು ಹಿರೋಳ್ಳಿಗೆ ಹೋದೆ. ಬಸ್ಸು ನಿಲ್ಲುವ ಜಾಗದ ಎದುರೇ ದತ್ತೋಬಾನ ಅಂಗಡಿ. ದಪ್ಪ ಕನ್ನಡಕ ಹಾಕಿಕೊಂಡು ಶಾಲೆಯ ಮಕ್ಕಳ ಅಂಗಿ ಹೊಲಿಯುತ್ತಿದ್ದ. ಲಗ್ನವಾಗಿರಲಿಲ್ಲ. ತಂಗಿಯ ಗಂಡ ತೀರಿದ ಮೇಲೆ ಅವಳ ಮಕ್ಕಳನ್ನು ಸಾಕುತ್ತ ವರ್ಷಗಳು ಹೋದವು, ಬೇರೆ ಯೋಚನೆ ಬರಲಿಲ್ಲ ಅಂದ. ನಾನು ಹೇಗೆ ಶುರು ಮಾಡಬೇಕೆಂದು ತಿಳಿಯದೆ, "ಕಾಕಾ, ಕೊಳಕೂರ ನೀಲವ್ವನ ಕಡಿಂದ ಬಂದೀನಿ," ಅಂದುಬಿಟ್ಟೆ.

ಅವನ ಕಾಲು ಮಶಿನ್ ತುಳಿಯುತ್ತಲೇ ಇತ್ತು. ಬಟ್ಟೆ ಮುಗಿದು ಸೂಜಿ ಬರಿದೇ ಓಡುತ್ತಿತ್ತು.

"ಆಕಿ ಸತ್ತು ಭಾಳ ವರ್ಷ ಆತ್ರಿ, ಬಾಯಿ," ಅಂದ.

"ಇಲ್ರಿ ಕಾಕಾ. ಅದಾಳ."

"ನಕೋ," ಅಂದ. ಬೇಡ, ಹೀಗೆ ಆಡಬೇಡಿ ಅನ್ನುವಂತೆ ಎರಡೂ ಕೈ ಎತ್ತಿದ. "ಮುದಕನ ಜೋಡಿ ಚಾಷ್ಟಿ ಮಾಡಬ್ಯಾಡ್ರಿ."

ಮಾತಿನಿಂದ ಆಗುವಂಥದ್ದಲ್ಲ ಎಂದು ನಾನು ಆಸ್ಪತ್ರೆಯ ನರ್ಸ್‌ಗೆ ಫೋನ್ ಹಚ್ಚಿ ನೀಲವ್ವನನ್ನು ಕರೆಯಲು ಹೇಳಿ, ಅವನ ಕಿವಿಗೆ ಹಿಡಿದೆ. ಆಕೆಯ ದನಿ ಬಂತು, ನನಗೂ ಕೇಳಿಸಿತು.

"ದತ್ತೂ, ನನ್ನ ಕುಬಸದ ತೋಳ ಬಿಗಿ ಆಗಿತ್ತು. ಬಿಚ್ಚಿ ಹೊಲದ ಕೊಡತೇನಿ ಅಂದಾಂವ ಎಲ್ಲಿ ಹೋದಿ?"

ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹುಡುಗರ ಹಾಗೆ ಅತ್ತ. ಬಸ್ಸಿಗೆ ಕಾಯುತ್ತಿದ್ದ ಮಂದಿ ಅಂಗಡಿ ಮುಂದೆ ಬಂದು ನಿಂತರು. ಅವನಿಗೆ ಅದರ ಖಬರಿರಲಿಲ್ಲ.

ಕೊನೆಗೆ ಆಸ್ಪತ್ರೆಯವರು ಒಪ್ಪಿದರು. ಬಿಡುಗಡೆಯ ದಿನ ದತ್ತೋಬಾ ಗೇಟಿಗೆ ಬರಬೇಕೆಂದು ತಯಾರಾಗಿದ್ದ. ನೀಲವ್ವ ಬೇಡವೆಂದಳು. "ಮೊದಲ ನಾ ನಮ್ಮೂರಿಗಿ ಹೋಗಬೇಕು. ಸತ್ತಾಕಿ ಹ್ಯಾಂಗ ಲಗ್ನಾ ಆಗ್ತಾಳ?"

ಕೊಳಕೂರಿಗೆ ನಾವು ಮುಟ್ಟಿದಾಗ ಒಳ್ಳೆ ಬಿಸಿಲು. ಜೀಪನ್ನು ಅಗಸೆಯಲ್ಲೇ ನಿಲ್ಲಿಸಲು ಹೇಳಿದಳು. ಇಳಿದು ನಡೆದಳು. ಹಳೆಯ ಮನೆಗಳೆಷ್ಟೋ ಬಿದ್ದು ಸಿಮೆಂಟಿನವು ಎದ್ದಿದ್ದವು, ಆದರೂ ಆಕೆಯ ಕಾಲು ಎಲ್ಲಿಯೂ ಅನುಮಾನಿಸಲಿಲ್ಲ. ಒಂದೊಂದು ಬಾಗಿಲ ಮುಂದೆ ನಿಂತು ಕರೆದಳು. ಕರೆದ ಹೆಸರಿನವರಲ್ಲಿ ಬಹಳ ಮಂದಿ ಇರಲಿಲ್ಲ, ಅವರ ಸೊಸೆಯರು, ಮೊಮ್ಮಕ್ಕಳು ಹೊರಗೆ ಬಂದರು. ಒಂದು ಮನೆಯಿಂದ ಮಾತ್ರ ಬೊಚ್ಚು ಬಾಯಿಯ ಮುದುಕಿಯೊಬ್ಬಳು ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಯಾರ ಬೇ? ನೀಲೀ?" ಅಂದಳು. ಹರೆಯದಲ್ಲಿ ಇಬ್ಬರೂ ಕೂಡಿ ನೀರು ಹೊರುತ್ತಿದ್ದ ಗೆಳತಿಯರು. ಆ ಮುದುಕಿ ಆಕೆಯ ಕೆನ್ನೆ, ಭುಜ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು.

ಅಣ್ಣನ ಮನೆ ಮುಟ್ಟುವಷ್ಟರಲ್ಲಿ ಹಿಂದೆ ಅರ್ಧ ಊರೇ ಬಂದಿತ್ತು. ಶರಣಗೌಡರು ಕಟ್ಟೆಯಿಂದ ಏಳಲು ಹೋಗಿ ಏಳಲಾರದೆ ಕೂತರು. ನಾನು ಬೈಗುಳಕ್ಕೆ, ಶಾಪಕ್ಕೆ ಕಾಯುತ್ತಿದ್ದೆ. ನೀಲವ್ವ ನೀರು ಕೇಳಿ ಕುಡಿದಳು. ತಂಬಿಗೆ ಕೆಳಗಿಟ್ಟಳು.

"ಅಣ್ಣಾ, ನನಗ ಹೊಲಾ ಬ್ಯಾಡ, ಮನಿ ಬ್ಯಾಡ. ನಾ ಸತ್ತೇನಿ ಅಂತ ನೀನ ಹೇಳಿದಿ. ನಾ ಬದಕೀನಿ ಅಂತಾನೂ ನೀನ ಹೇಳಬೇಕು. ನಾ ಹೇಳಿದ್ರ ಇವರು ನನ್ನ ನೋಡತಾರ. ನೀ ಹೇಳಿದ್ರ ನಂಬತಾರ."

ಶರಣಗೌಡರು ಕೋಲೂರಿ ಎದ್ದರು. ಮಂದಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು, "ಈಕಿ ನನ್ನ ತಂಗಿ ನೀಲವ್ವ. ಸತ್ತಿರಲಿಲ್ಲ. ಈಕೀಗಿ ಹುಚ್ಚೂ ಹಿಡಿದಿರಲಿಲ್ಲ. ಸುಳ್ಳ ಹೇಳಿದಾಂವ ನಾ."

ಇಷ್ಟು ವರ್ಷದ ಕೆಲಸದಲ್ಲಿ ನಾನು ಎಷ್ಟೋ ಔಷಧ ಕೊಟ್ಟಿದ್ದೇನೆ. ಆ ನಾಲ್ಕು ಮಾತು ಆಕೆಯ ಮುಖಕ್ಕೆ ತಂದ ಬೆಳಕನ್ನು ಯಾವ ಔಷಧವೂ ಯಾರ ಮುಖಕ್ಕೂ ತಂದದ್ದನ್ನು ನೋಡಿಲ್ಲ.

ಈಗ ಲಗ್ನವೇ ಅಂದುಕೊಂಡೆವು. ನೀಲವ್ವ ಮತ್ತೆ ನಮ್ಮನ್ನು ಬೆರಗುಗೊಳಿಸಿದಳು. ಆಳಂದದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು, ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಹತ್ತಿದಳು. ಆಸ್ಪತ್ರೆಯ ಅಡಿಗೆ ಮನೆಯಲ್ಲಿ ಅದೇ ಮಾಡಿದ್ದಳಾದ್ದರಿಂದ ಕೈ ಪಳಗಿತ್ತು. "ಬಾಗಲಾ ಹಾಕೂದು, ತಗಿಯೂದು ಸ್ವಲ್ಪ ದಿನಾ ನನ್ನ ಕೈಯಾಗ ಇರಲಿ. ಆಮ್ಯಾಲ ನೋಡೋಣ," ಅಂದಳು.

ದತ್ತೋಬಾ ಸಂತೆಯ ದಿನ ಹಿರೋಳ್ಳಿಯಿಂದ ಬಸ್ಸು ಹತ್ತಿ ಬರುತ್ತಿದ್ದ. ಒಮ್ಮೊಮ್ಮೆ ಆಕೆ ಚಹಾ ಮಾಡಿ ಹೊಸ್ತಿಲ ಮೇಲೆ ಕೂತು ಮಾತಾಡುತ್ತಿದ್ದಳು. ಒಮ್ಮೊಮ್ಮೆ, "ಇವತ್ತ ಮನಸ್ಸಿಲ್ಲ, ಹೋಗಿ ಬಾ," ಅನ್ನುತ್ತಿದ್ದಳು. ಅವನು ಒಂದು ದಿನವೂ ಮುಖ ಸಣ್ಣ ಮಾಡಿಕೊಳ್ಳಲಿಲ್ಲ. "ಒಲ್ಲೆ ಅನ್ನೂದು ಆಕಿ ಹಕ್ಕ, ಬಾಯಿ," ಅಂತ ನನಗೆ ಹೇಳಿದ. ಹೀಗೇ ಒಂದು ವರ್ಷ ಹೋಯಿತು. ಒಂದು ಮುಂಜಾನೆ ಆಕೆಯೇ ಹಿರೋಳ್ಳಿಗೆ ಹೋಗಿ, ಅಂಗಡಿ ಮುಂದೆ ನಿಂತು, "ಮಶಿನ್ ನಿಲ್ಲಸು, ನಡಿ," ಅಂದಳಂತೆ. ಆಳಂದದ ಕಚೇರಿಯಲ್ಲಿ ನೋಂದಣಿ ಆಯಿತು. ಮೇಡಂ ಪೇಢಾ ಹಂಚಿದರು. ನೀಲವ್ವ ನಗುತ್ತಲೇ ಇದ್ದಳು, ದತ್ತೋಬಾನಿಗೆ ಕನ್ನಡಕ ಒರೆಸುವುದೇ ಕೆಲಸವಾಯಿತು.

ಆ ವರ್ಷವೇ ನಾನು ನಿವೃತ್ತಳಾದೆ. ಕೆಲವು ತಿಂಗಳ ಮೇಲೆ ಗಂಡಹೆಂಡತಿ ಇಬ್ಬರೂ ಅಫಜಲಪುರಕ್ಕೆ ನಮ್ಮ ಮನೆಗೆ ಬಂದರು. ಊಟವಾದ ಮೇಲೆ ನೀಲವ್ವ ಅಂದಳು, "ಸುವರ್ಣಾ, ನಮ್ಮ ಜೋಡಿ ಆ ದವಾಖಾನಿಗಿ ಒಮ್ಮಿ ಬರತೀಯೇನು? ಸಖೂನ ಕರಕೊಂಡ ಬರಬೇಕು."

ಸಖೂಬಾಯಿ ಯಾರೆಂದು ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಮರಾಠಿ ಹೆಂಗಸು. ಅವಳಿಗೆ ಖರೇನೇ ರೋಗವಿತ್ತು, ಈಗ ಔಷಧದ ಮೇಲೆ ಸಮಾಧಾನವಾಗಿದ್ದಾಳೆ, ಮನೆಯವರು ಎಲ್ಲಿದ್ದಾರೋ ತಿಳಿಯದು. ನೀಲವ್ವ ಅಲ್ಲಿಗೆ ಹೊಸದಾಗಿ ಬಂದು, ಮಾತು ತಿಳಿಯದೆ ಅಳುತ್ತಿದ್ದಾಗ ತನ್ನ ಪಾಲಿನ ಭಾಕರಿ ಮುರಿದು ಬಾಯಿಗಿಟ್ಟವಳು ಅವಳೇ ಅಂತೆ.

"ಇಷ್ಟ ದಿನಾ ಯಾಕ ಹೇಳಲಿಲ್ಲ ಯವ್ವಾ?"

"ಕರಕೊಂಡ ಬಂದು ಎಲ್ಲಿ ಇಡ್ಲಿ? ಮೊದಲ ನಂದೊಂದ ಮನಿ ಆಗಬೇಕಲ್ಲ."

ಅಣ್ಣ ಮೋಸದಿಂದ ಒಳಗೆ ನಡೆಸಿಕೊಂಡು ಹೋಗಿದ್ದ ಆ ಗೇಟಿನೊಳಗೆ ಆಕೆ ತಾನಾಗಿ ನಡೆದು ಹೋದದ್ದನ್ನು ನಾನು ನೋಡಿದೆ. ಕಚೇರಿಯವನು, "ನೀವು ಇವರಿಗೆ ಏನಾಗಬೇಕು?" ಅಂತ ಕೇಳಿದ. "ಮನಿ ಮಂದಿ," ಅಂದಳು ನೀಲವ್ವ. "ಆಕೀಗಿ ನಾ ಮಂದಿ, ನನಗ ಆಕಿ ಮಂದಿ." ಆ ತರುಣ ಡಾಕ್ಟರು ನಡುವೆ ಬಂದು ಸಖೂಬಾಯಿಯನ್ನೇ ಕೇಳಿದ, ಹೋಗುತ್ತೀಯಾ ಎಂದು. ಅವಳು ನೀಲವ್ವನ ಸೆರಗು ಹಿಡಿದು ತಲೆಯಾಡಿಸಿದಳು.

ಆದರೆ ಗೇಟಿನ ಹತ್ತಿರ ಬಂದು ನಿಂತುಬಿಟ್ಟಳು. ಹೊರಗೆ ರಸ್ತೆ, ಲಾರಿ, ಮೋಟರ್ ಸೈಕಲ್ಲು. ಅವಳು ಗೇಟಿನ ಕಂಬಿ ಹಿಡಿದುಕೊಂಡಳು. ಆಚೆ ದತ್ತೋಬಾ ಗಾಡಿಯ ಬಾಗಿಲು ತೆರೆದು ನಿಂತಿದ್ದ. ನಾನು ಕೈ ಹಿಡಿದು ದಾಟಿಸಲು ಹೋದೆ. ನೀಲವ್ವ ಕಣ್ಣಲ್ಲೇ ನನ್ನನ್ನು ತಡೆದಳು. ತಾನು ಅಲ್ಲೇ ನೆಲದ ಮೇಲೆ ಕೂತು, ಅವಳನ್ನೂ ಪಕ್ಕದಲ್ಲಿ ಕೂಡಿಸಿಕೊಂಡಳು.

"ಘಾಯಿ ನಾಹಿ ಗ, ಸಖೂ," ಅಂದಳು. ಅವಸರವಿಲ್ಲ.

ನಾನೂ ಕೂತೆ. ದತ್ತೋಬಾ ಬಾಗಿಲು ಹಾಕಿ ಬಂದು ಗೇಟಿನ ಆಚೆ ಮಗ್ಗುಲಲ್ಲಿ ಕೂತ. ಬಿಸಿಲು ಏರಿ ನೆರಳು ನಮ್ಮ ಕಡೆಯಿಂದ ಸರಿಯಿತು. ಯಾರೂ ಏಳಲಿಲ್ಲ. ಕೊನೆಗೆ ಸಖೂಬಾಯಿಯೇ ಸೀರೆ ಕೊಡವಿಕೊಂಡು ಎದ್ದಳು. ರಸ್ತೆಯ ಎರಡೂ ಕಡೆ ನೋಡಿದಳು. ಆಮೇಲೆ ನೀಲವ್ವನ ಕಡೆ ಕೈ ಚಾಚಿದಳು, ಅವಳನ್ನು ಎಬ್ಬಿಸಲು.